ಒಂದೇ ಈಡಿನ ಕೋವಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಳ್ಳಿಗಾಡಿನ ಶಾಲೆಗಳಿಗೆ ಒಂದು ವಿಚಿತ್ರ ರಜೆಯಿದೆ. ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಗುರುವಾರಕ್ಕೆ ಮುಗಿದರೂ ಅದರ ಮುಂದಿನ ಸೋಮವಾರ ಅನೇಕ ಶಾಲೆಗಳ ಬಾಗಿಲು ತೆರೆಯುವುದಿಲ್ಲ. ಕಾರಣ ದೇವರೂ ಅಲ್ಲ, ದೇಶನಾಯಕರೂ ಅಲ್ಲ, ಜಿಂಕೆ ಬೇಟೆ! ಬಹಳ ಕಾಲ ರೈಫಲ್ ಬೇಟೆಯ ಋತು ಆ ಸೋಮವಾರವೇ ಶುರುವಾಗುತ್ತಿತ್ತು. ಮಕ್ಕಳು ಹೇಗೂ ಬರುವುದಿಲ್ಲ, ಮೇಷ್ಟ್ರುಗಳಲ್ಲೂ ಎಷ್ಟೋ ಜನ ಕಾಡಿನಲ್ಲಿರುತ್ತಾರೆ, ಬೀಗ ಹಾಕುವುದೇ ಮೇಲು ಎಂದುಕೊಂಡಿರಬೇಕು. 2019ರಲ್ಲಿ ಋತುವಿನ ಆರಂಭವನ್ನು ಶನಿವಾರಕ್ಕೆ ಸರಿಸಿದರು. ರೂಢಿಯಾಗಿದ್ದ ರಜೆಯನ್ನು ಮಾತ್ರ ಬಹಳ ಊರುಗಳು ಬಿಟ್ಟುಕೊಡಲಿಲ್ಲ.

ಅಂಥ ಒಂದು ಊರಿನಲ್ಲಿ ಕನ್ನಡದ ಸಂಸಾರವೊಂದಿದೆ. ಯಜಮಾನರು ಕೊಪ್ಪ ತಾಲ್ಲೂಕಿನ ಅಡಿಕೆ ತೋಟದ ಮನೆಯಿಂದ ಹೋದವರು, ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಹೆಂಡತಿ ಮೈಸೂರಿನವರು, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಒಬ್ಬಳೇ ಮಗಳು. 2022ರಲ್ಲಿ ಅವಳಿಗೆ 14 ವರ್ಷ, ಒಂಬತ್ತನೇ ತರಗತಿ. ಆ ಸೋಮವಾರ ಕಳೆದು ಶಾಲೆಗೆ ಹೋದರೆ ಗೆಳತಿಯರೆಲ್ಲ ಕಾಡಿನ ಕಥೆ ಹೇಳುತ್ತಾರೆ, ತಾನೊಬ್ಬಳು ಟಿ.ವಿ. ನೋಡಿದೆ ಎನ್ನಬೇಕು. ಒಂದು ದಿನ ಊಟದ ಹೊತ್ತಿಗೆ ಕೇಳಿಯೇ ಬಿಟ್ಟಳು: “ಅಪ್ಪ, ನನಗೊಂದು ಕೋವಿ ಕೊಡಿಸ್ತೀಯಾ?”

ತಾಯಿ ಊಟದ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದರು. ಶಾಲೆಯೊಳಗೇ ಗುಂಡು ಹಾರಿ ಮಕ್ಕಳು ಸತ್ತ ಸುದ್ದಿ ವರ್ಷವರ್ಷವೂ ಬರುವ ದೇಶ ಅದು. ಅಂಥ ಕಡೆ ಹೆತ್ತವರು ತಾವಾಗಿಯೇ ಮನೆಯೊಳಗೆ ಬಂದೂಕು ತರುವುದುಂಟೇ? ಅವರ ಪ್ರಶ್ನೆಗೆ ಗಂಡನ ಬಳಿ ಉತ್ತರವಿರಲಿಲ್ಲ. ಉತ್ತರ ಅಥವಾ ಉತ್ತರಕ್ಕೆ ಹತ್ತಿರವಾದದ್ದೊಂದು ಬಂದದ್ದು ಪಕ್ಕದ ಮನೆಯಿಂದ.

ಪಕ್ಕದ ಮನೆಯಾತ ನಿವೃತ್ತ ಬಡಗಿ, ಎಪ್ಪತ್ತು ದಾಟಿದವರು. ಆ ರಾಜ್ಯದಲ್ಲಿ ಮೊದಲ ಸಲ ಬೇಟೆಯ ಪರವಾನಗಿ ಪಡೆಯುವವರು ಕಡ್ಡಾಯವಾಗಿ ಒಂದು ಶಿಕ್ಷಣ ಮುಗಿಸಿ ಪರೀಕ್ಷೆ ಪಾಸಾಗಬೇಕು. ಈ ಬಡಗಿ ಆ ತರಗತಿಗಳಲ್ಲಿ ಸಂಬಳವಿಲ್ಲದೆ ಪಾಠ ಹೇಳಿದವರು. ಅವರು ಕೊಟ್ಟ ಸಲಹೆ ತೀರ ಹಳೆಯ ಕಾಲದ್ದು. ಹುಡುಗಿಗೆ ಕೋವಿ ಬೇಕೇ ಬೇಕೆಂದಾದರೆ ಮೂತಿಯಿಂದ ಮದ್ದು ತುಂಬುವ ಕೋವಿಯನ್ನೇ ಕೊಡಿಸಿ, ಅದರಲ್ಲೂ ಚಕಮಕಿ ಕಲ್ಲಿನದು. ಒಂದು ಈಡು ಹಾರಿಸಿದರೆ ಮತ್ತೆ ತುಂಬಲು ಅವಳಿಗೆ ಒಂದೆರಡು ನಿಮಿಷವಾದರೂ ಬೇಕು. ಹನ್ನೆರಡು ಹೆಜ್ಜೆಗಳನ್ನು ಕ್ರಮ ತಪ್ಪದೆ ಮಾಡದಿದ್ದರೆ ಅದು ಹಾರುವುದೇ ಇಲ್ಲ. ಸಿಟ್ಟಿನಲ್ಲಿ ಯಾರಾದರೂ ಕೈಗೆತ್ತಿಕೊಳ್ಳುವ ವಸ್ತುವಲ್ಲ ಅದು.

ಅದಕ್ಕೇ ಮೀಸಲಾದ ಋತುವೂ ಅಲ್ಲಿದೆ. 1974ರಲ್ಲಿ ಪೆನ್ಸಿಲ್ವೇನಿಯಾ ಚಕಮಕಿ ಕೋವಿಯವರಿಗೆ ಪ್ರತ್ಯೇಕ ಬೇಟೆ ಕಾಲವನ್ನು ಆರಂಭಿಸಿತು. ಕ್ರಿಸ್‌ಮಸ್ ಮುಗಿದ ಮರುದಿನದಿಂದ ಜನವರಿ ನಡುವಿನವರೆಗೆ, ಉಳಿದ ಬೇಟೆಗಾರರೆಲ್ಲ ಮನೆ ಸೇರಿದ ಮೇಲೆ, ಇವರ ಸರದಿ. ಕಾಡಿನಲ್ಲಿ ಗದ್ದಲವಿಲ್ಲ, ಹೆದರಿದ ಜಿಂಕೆಗಳು ಸಿಕ್ಕುವುದೂ ಇಲ್ಲ. ಹದಿನೆಂಟನೇ ಶತಮಾನದಲ್ಲಿ ಅಲ್ಲಿನ ಲ್ಯಾಂಕಾಸ್ಟರ್ ಸೀಮೆಗೆ ಬಂದು ನೆಲೆಸಿದ ಜರ್ಮನ್ ಭಾಷೆಯ ಕಮ್ಮಾರರು ಉದ್ದ ನಳಿಗೆಯ ರೈಫಲ್ಲುಗಳನ್ನು ಮಾಡಿ ಹೆಸರಾದವರು. ಆ ಹೆಮ್ಮೆಯೂ ಈ ಋತುವಿನ ಹಿಂದಿದೆ.

ಕೋವಿಯ ಮಾತು ಬಂದಾಗ ತಂದೆ ನಕ್ಕರಂತೆ. ಅವರಿಗೆ ಅದು ಹೊಸದೇನಲ್ಲ. ಮಲೆನಾಡಿನ ಎಷ್ಟೋ ತೋಟದ ಮನೆಗಳ ಜಗಲಿಯಲ್ಲಿ ಇದ್ದದ್ದೂ ಮೂತಿಯಿಂದ ತುಂಬುವ ಕೋವಿಯೇ. ಹಿಂದಿನಿಂದ ತೋಟಾ ಹಾಕುವುದು ತೋಟಾ ಕೋವಿ. ಮುಂದಿನಿಂದ ಮದ್ದು, ನಾರು, ಚರೆ ಗಿಡಿದು, ಹಿಂದೆ ಪುಟ್ಟ ತಾಮ್ರದ ಟೊಪ್ಪಿಗೆಯಂಥ ಕೇಪು ಸಿಕ್ಕಿಸುವುದು ಕೇಪಿನ ಕೋವಿ. ತೋಟಕ್ಕೆ ಬರುವ ಮಂಗನನ್ನೂ ಗದ್ದೆಗೆ ಬೀಳುವ ಹಂದಿಯನ್ನೂ ಹೆದರಿಸಲು ಅದೇ ಆಧಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1991ರ ಅದರ ತಿದ್ದುಪಡಿಯ ನಂತರ ಭಾರತದಲ್ಲಿ ಮೋಜಿನ ಶಿಕಾರಿಗೆ ಜಾಗವಿಲ್ಲ; ಕೋವಿ ಉಳಿದದ್ದು ಬೆಳೆ ಕಾಯುವುದಕ್ಕೆ. ಅದಕ್ಕೂ ಜಿಲ್ಲಾಧಿಕಾರಿ ಕಚೇರಿಯ ಲೈಸೆನ್ಸು ಬೇಕು. ಚುನಾವಣೆ ಬಂತೆಂದರೆ ಕೋವಿಯನ್ನು ಹೊತ್ತುಕೊಂಡು ಹೋಗಿ ಪೊಲೀಸ್ ಸ್ಟೇಶನ್ನಿನಲ್ಲಿ ಇಟ್ಟು ಬರಬೇಕು, ಮುಗಿದ ಮೇಲೆ ಹೋಗಿ ತರಬೇಕು.

ಅಮೆರಿಕದಲ್ಲಿ ಕಥೆ ತಿರುಗುಮುರುಗು. 1968ರ ಬಂದೂಕು ನಿಯಂತ್ರಣ ಕಾಯ್ದೆ ಕರಿಮದ್ದಿನ ಇಂಥ ಕೋವಿಗಳನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸಿ ಬಿಟ್ಟುಬಿಟ್ಟಿದೆ. ಬೇರೆ ಬಂದೂಕಿಗೆ ಅಂಗಡಿಯವ ನಡೆಸಬೇಕಾದ ವಿಚಾರಣೆ, ತುಂಬಬೇಕಾದ ಫಾರಂ, ಯಾವುದೂ ಫೆಡರಲ್ ಕಾನೂನಿನ ಪ್ರಕಾರ ಇದಕ್ಕೆ ಬೇಡ. ಕೆಲವು ರಾಜ್ಯಗಳು ತಮ್ಮದೇ ಕಟ್ಟುಪಾಡು ಹಾಕಿಕೊಂಡಿವೆ, ಅಷ್ಟೆ. ಇದನ್ನು ಕೇಳಿ ತಾಯಿಗೆ ಇನ್ನಷ್ಟು ದಿಗಿಲಾಯಿತು. ಅವರು ತಮ್ಮದೇ ಕಾನೂನು ಮಾಡಿದರು: ಕೋವಿ ಒಂದು ಬೀಗದಲ್ಲಿ, ಮದ್ದು ಹಿತ್ತಲ ಶೆಡ್ಡಿನ ಇನ್ನೊಂದು ಬೀಗದಲ್ಲಿ, ಎರಡರ ಬೀಗದ ಕೈಯೂ ತಮ್ಮ ಕೈಚೀಲದಲ್ಲಿ.

ಅಂಗಡಿಗೆ ಹೋದ ಮೇಲೆ ತಂದೆಗೆ ತಿಳಿಯಿತು, ಅಜ್ಜನ ಮನೆಯ ಕೋವಿಯ ಜ್ಞಾನ ಇಲ್ಲಿ ಅರ್ಧಕ್ಕೇ ಬರುವುದೆಂದು. ಮೂತಿಯಿಂದ ತುಂಬುವ ಕೋವಿಗಳಲ್ಲಿ ಮೂರು ಬಗೆ. ಚಕಮಕಿಯದು ಹಳೆಯದು: ಕುದುರೆ, ಅಂದರೆ ಹಿಂದಕ್ಕೆ ಎಳೆದು ನಿಲ್ಲಿಸುವ ಬಾಗಿದ ಕಬ್ಬಿಣ, ತನ್ನ ದವಡೆಯಲ್ಲಿ ಕಲ್ಲನ್ನು ಕಚ್ಚಿಕೊಂಡಿರುತ್ತದೆ, ಟ್ರಿಗರ್ ಎಳೆದಾಗ ಅದು ಮುಂದಿನ ಉಕ್ಕಿನ ಫಲಕಕ್ಕೆ ಬಡಿದು ಕಿಡಿ ಉದುರುತ್ತದೆ, ಕಿಡಿ ಬೀಳುವುದು ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ನಯವಾದ ಮದ್ದಿಗೆ. ಹಳೆಯ ಕನ್ನಡದಲ್ಲಿ ಈ ಮದ್ದಿಗೆ ರಂಜಕ ಎನ್ನುತ್ತಿದ್ದರು. ರಂಜಕದ ಉರಿ ಒಂದು ಸಣ್ಣ ತೂತಿನ ಮೂಲಕ ಒಳನುಗ್ಗಿ ನಳಿಗೆಯೊಳಗಿನ ಮದ್ದನ್ನು ಹೊತ್ತಿಸಬೇಕು. ಕೇಪಿನದು ಇದಕ್ಕಿಂತ ಭರವಸೆಯದು. 1970ರಲ್ಲಿ ಥಾಮ್ಸನ್ ಸೆಂಟರ್ ಕಂಪನಿ ಹಳೆಯ ಹಾಕೆನ್ ನಮೂನೆಯ ಕೋವಿಯನ್ನು ಮತ್ತೆ ತಯಾರಿಸಲು ಶುರುಮಾಡಿದಾಗ ಸಾವಿರಾರು ಜನ ಈ ಹಳೆಯ ವಿದ್ಯೆಗೆ ಮರಳಿದರು. ಮೂರನೆಯದು ಇನ್‌ಲೈನ್, 1985ರ ನೈಟ್ ಎಂ.ಕೆ. 85 ಕೋವಿಯಿಂದ ಜನಪ್ರಿಯವಾದದ್ದು. ಕೇಪು ನಳಿಗೆಯ ನೇರ ಹಿಂದೆ ಕೂರುತ್ತದೆ, ದುರ್ಬೀನು ಹಾಕಬಹುದು, ನೋಡಲಿಕ್ಕೆ ಹೊಸ ರೈಫಲ್ಲಿನಂತೆಯೇ.

ಅಂಗಡಿಯ ಹುಡುಗ ಇನ್‌ಲೈನನ್ನೇ ಹೊಗಳಿದ. ತಪ್ಪೇನಲ್ಲ, ಮೊದಲ ಕೋವಿಯಾಗಿ ಅದನ್ನು ಕೊಳ್ಳುವವರೇ ಹೆಚ್ಚು. ತೊಳೆಯುವುದು ಸುಲಭ, ಮಳೆಗೆ ಹೆದರಬೇಕಿಲ್ಲ. ಅಕ್ಟೋಬರಿನಲ್ಲಿ ಒಂದು ವಾರ ಅದಕ್ಕೂ ಅವಕಾಶವಿದೆ. ಆದರೆ ಕ್ರಿಸ್‌ಮಸ್ ನಂತರದ ಕಾಡಿಗೆ ಅದನ್ನು ಒಯ್ಯುವಂತಿಲ್ಲ. ಯಾವ ಋತುವಿಗೆ ಎಂದು ಮೊದಲು ತೀರ್ಮಾನಿಸದೆ ಕೋವಿ ಕೊಂಡವರು ಆಮೇಲೆ ಇನ್ನೊಂದು ಕೊಳ್ಳುತ್ತಾರೆ ಎಂದು ಬಡಗಿ ಎಚ್ಚರಿಸಿದ್ದರು.

ಇನ್ನೊಂದು ತೊಡಕು. ಅಜ್ಜನ ಕೇಪಿನ ಕೋವಿಯ ನಳಿಗೆ ಒಳಗೆ ನುಣುಪು. ಚರೆಗೂ ಸರಿ, ಗುಂಡಿಗೂ ಸರಿ. ಅದು ರೈಫಲ್ ಅಲ್ಲ. ರೈಫಲ್ಲಿನ ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೆರೆಗಳಿರುತ್ತವೆ, ಬುಗುರಿ ತಿರುಗಿದಂತೆ ಗುಂಡು ತಿರುಗುತ್ತ ಹೋಗಲಿ ಎಂದು. ತಿರುಗುವ ಬುಗುರಿ ವಾಲದಂತೆ ತಿರುಗುವ ಗುಂಡೂ ದಾರಿ ಬಿಡುವುದಿಲ್ಲ. ಬಟ್ಟೆ ಸುತ್ತಿ ತುಂಬುವ ದುಂಡನೆಯ ಸೀಸದ ಗುಂಡಿಗೆ ನಿಧಾನದ ಸುರುಳಿ ಒಗ್ಗುತ್ತದೆ, 60 ಅಥವಾ 66 ಇಂಚಿಗೆ ಒಂದು ಸುತ್ತು. ಉದ್ದನೆಯ ಹೊಸ ಗುಂಡಿಗೆ ಬಿಗಿ ಸುರುಳಿ ಬೇಕು, 28 ಇಂಚಿಗೊಂದು ಸುತ್ತು. ನಡುವಿನದು 48 ಇಂಚಿನದು, ಎರಡಕ್ಕೂ ತಕ್ಕಮಟ್ಟಿಗೆ ಒಪ್ಪುತ್ತದೆ. ನಳಿಗೆಯ ಮೇಲೆ ಕೊರೆದಿರುವ ಈ ಒಂದು ಅಂಕಿಯನ್ನು ನೋಡದೆ ಮರದ ಹೊಳಪಿಗೆ ಮರುಳಾಗುವವರೇ ಬಹಳ. ಬಾಯಿಯ ಅಗಲದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿನ ನಿಯಮದಂತೆ ಜಿಂಕೆಗೆ 0.44 ಇಂಚಿಗಿಂತ ಕಡಿಮೆಯಾಗಬಾರದು, 0.50 ಇಂಚಿನದು ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಗುಂಡೂ ಸಿಗುತ್ತದೆ.

ಹುಡುಗಿಯ ಕಣ್ಣು ಬಿದ್ದದ್ದು 42 ಇಂಚು ನಳಿಗೆಯ, ಹಿತ್ತಾಳೆಯ ಕೆತ್ತನೆಯಿರುವ ಚೆಲುವಾದ ರೈಫಲ್ ಮೇಲೆ. ಎತ್ತಿ ಗುರಿ ಹಿಡಿದಳು. ಹತ್ತು ಎಣಿಸುವುದರೊಳಗೆ ಮೂತಿ ನಡುಗತೊಡಗಿತು, ಇಪ್ಪತ್ತಕ್ಕೆ ನೆಲ ನೋಡಿತು. ಬಡಗಿ ಇನ್ನೊಂದನ್ನು ತೆಗೆದು ಅದರ ಹಿಡಿಯ ಹಿಂಬದಿಯನ್ನು ಅವಳ ಮೊಣಕೈಯ ಒಳಮಡಿಕೆಗೆ ಇಟ್ಟರು. ಬೆರಳು ಟ್ರಿಗರನ್ನು ಮುಟ್ಟಲಿಲ್ಲ. ದೊಡ್ಡವರ ಅಳತೆ. ಇನ್ನೊಂದು, ಮತ್ತೊಂದು. ಅಂಗಿಯ ಅಳತೆ ನೋಡಿದಂತೆ ಕೋವಿಯ ಅಳತೆಯನ್ನೂ ನೋಡಬೇಕೆಂದು ತಂದೆಗೂ ಗೊತ್ತಿರಲಿಲ್ಲ. ಕೊಪ್ಪದ ಮನೆಯಲ್ಲಿ ಇದ್ದದ್ದು ಒಂದೇ ಕೋವಿ, ಅಜ್ಜನಿಗೂ ಅದೇ, ಹದಿನಾರರ ಹುಡುಗನಿಗೂ ಅದೇ.

ಆಗಲೇ ಬಡಗಿ ಇನ್ನೊಂದನ್ನು ಗಮನಿಸಿದ್ದು. ಹುಡುಗಿ ಪ್ರತಿ ಸಲವೂ ಕೋವಿಯನ್ನು ಎಡಭುಜಕ್ಕೆ ಏರಿಸುತ್ತಿದ್ದಳು.

ಅವಳು ಎಡಚಿ. ತೋಟಾ ಕೋವಿಯಾಗಿದ್ದರೆ ಅದೇನು ದೊಡ್ಡ ಸಂಗತಿಯಾಗುತ್ತಿರಲಿಲ್ಲ. ಚಕಮಕಿಯಲ್ಲಿ ಆಗುತ್ತದೆ. ಬಲಗೈಯವರು ಬಲಗೆನ್ನೆಯನ್ನು ಹಿಡಿಯ ಎಡಮಗ್ಗುಲಿಗೆ ಒತ್ತುತ್ತಾರೆ, ರಂಜಕದ ಬಟ್ಟಲು ಆಚೆ ಬಲಮಗ್ಗುಲಲ್ಲಿರುತ್ತದೆ. ಎಡಗೈಯವರ ಮುಖ ಬಟ್ಟಲಿನ ಮಗ್ಗುಲಿಗೇ ಬರುತ್ತದೆ. ಬೆಂಕಿ ಏಳುವುದು ಕಣ್ಣಿನ ಮುಂದೆಯೇ. ಕನ್ನಡಕ ಹಾಕಿಕೊಂಡರೂ ಮುಖ ಹಿಂಜರಿಯುತ್ತದೆ. ಹಿಂಜರಿದ ಮುಖದಿಂದ ಗುರಿ ಸಾಗುವುದಿಲ್ಲ. ಎಡಮಗ್ಗುಲಲ್ಲಿ ಬಟ್ಟಲಿರುವ ಕೋವಿಗಳನ್ನೂ ಮಾಡುತ್ತಾರೆ. ಆದರೆ ಕಡಿಮೆ. ಆ ಅಂಗಡಿಯಲ್ಲಂತೂ ಒಂದೂ ಇರಲಿಲ್ಲ.

“ಬಲಗೈಯಲ್ಲೇ ಅಭ್ಯಾಸ ಮಾಡಿಕೊ ಮಗಳೇ, ಚಿಕ್ಕವಳು, ಬರುತ್ತೆ” ಎಂದರು ತಂದೆ ಮನೆಗೆ ಬಂದು. ಅದುವರೆಗೆ ಕೋವಿಯ ವಿಷಯಕ್ಕೇ ಬಾರದಿದ್ದ ತಾಯಿ ಅಡುಗೆಮನೆಯಿಂದ ಹೊರಬಂದರು. “ಊರಿಗೆ ಹೋದಾಗಲೆಲ್ಲ ಊಟಕ್ಕೆ ಕೂತರೆ ಎಲ್ಲರೂ ಇದನ್ನೇ ಹೇಳಿ ಅಳಿಸಿದ್ದು ಸಾಲದಾ? ಕಣ್ಣಿನ ಹತ್ತಿರ ಬೆಂಕಿ ಬರುತ್ತೆ ಅಂತ ಅವರು ಹೇಳ್ತಾ ಇದ್ದಾರೆ. ಕೊಡಿಸೋದಾದರೆ ಅವಳ ಕೈಗೆ ಸರಿಯಾದದ್ದು ಕೊಡಿಸಿ, ಇಲ್ಲದಿದ್ದರೆ ಬೇಡ ಅನ್ನಿ.” ಬಡಗಿ ಹೇಳಿಕೊಟ್ಟಂತೆ ಪರೀಕ್ಷೆಯೂ ಆಯಿತು: ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು, ಅದರಿಂದ ಗೋಡೆಯ ಗಡಿಯಾರ ನೋಡುತ್ತ ಒಂದೊಂದೇ ಕಣ್ಣು ಮುಚ್ಚುವುದು. ಬಲಗಣ್ಣು ಮುಚ್ಚಿದರೆ ಗಡಿಯಾರ ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದಾಗ ಮಾಯವಾಯಿತು. ಯಜಮಾನಿಕೆಯ ಕಣ್ಣೂ ಎಡದ್ದೇ. ಅಲ್ಲಿಗೆ ಬಲಗೈಯ ಮಾತು ಮುಗಿಯಿತು.

ಹುಡುಕಾಟ ಎರಡು ತಿಂಗಳು ನಡೆಯಿತು. ಹಳ್ಳಿಯೊಂದರ ಹರಾಜಿನಲ್ಲಿ ಹಳೆಯ ಕೋವಿಗಳಿವೆ ಎಂದು ಕೇಳಿ ಮೂವರೂ ಹೋದರು. ಯಾರದೋ ಮನೆಯ ಬೆಂಕಿಗೂಡಿನ ಮೇಲೆ ದಶಕಗಳಿಂದ ತೂಗುಹಾಕಿದ್ದ ಕೇಪಿನ ಕೋವಿಯೊಂದು ಮೇಜಿನ ಮೇಲಿತ್ತು. ಬಂದವರೆಲ್ಲ ಎತ್ತುತ್ತಿದ್ದರು, ಕುದುರೆ ಎಳೆದು ಬಿಡುತ್ತಿದ್ದರು, ಒಬ್ಬಾತ ತಮಾಷೆಗೆ ಗೆಳೆಯನತ್ತ ತಿರುಗಿಸಿದ್ದೂ ಆಯಿತು. ಬಡಗಿ ಅದರ ಗಜವನ್ನು, ಅಂದರೆ ಮದ್ದು ಗಿಡಿಯುವ ಕೋಲನ್ನು, ನಳಿಗೆಯೊಳಗೆ ಬಿಟ್ಟರು. ಅದು ತಳ ಮುಟ್ಟಿದಾಗ ಮೂತಿಯ ಬಳಿ ಹೆಬ್ಬೆರಳಲ್ಲಿ ಗುರುತು ಹಿಡಿದು, ಹೊರಗೆ ತೆಗೆದು, ನಳಿಗೆಯ ಹೊರಮೈಗೆ ಉದ್ದಕ್ಕೆ ಇಟ್ಟು ನೋಡಿದರು. ಕೋಲು ಕೇಪಿನ ಜಾಗದವರೆಗೆ ಬರಬೇಕಿತ್ತು. ಮೂರು ಬೆರಳಿನಷ್ಟು ಹಿಂದೆಯೇ ನಿಂತಿತು.

ಕೋವಿ ತುಂಬಿತ್ತು. ಯಾರು ತುಂಬಿದ್ದರೋ, ಯಾವ ಕಾಲದಲ್ಲೋ. ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಕೆಡುವುದಿಲ್ಲ. ಹರಾಜಿನವನ ಮುಖ ಬಿಳಿಚಿತು. ಕೋವಿಯನ್ನು ಹಿತ್ತಲಿಗೆ ಒಯ್ದು, ಕೇಪಿನ ತೂತಿನಿಂದ ನೀರು ಬಿಟ್ಟು ಮದ್ದನ್ನು ನೆನೆಸಿ, ಗಜದ ತುದಿಗೆ ಸ್ಕ್ರೂ ಸಿಕ್ಕಿಸಿ ಗುಂಡನ್ನು ಹೊರಗೆಳೆದರು. ಹಳೆಯ ಕೋವಿ ಕೊಳ್ಳಲು ಹೋದವರು ಬೆಲೆ ಕೇಳುವ ಮೊದಲು ಮಾಡಬೇಕಾದ ಕೆಲಸ ಇದು, ಅದು ಎಷ್ಟೇ ತುಕ್ಕು ಹಿಡಿದಿರಲಿ.

ಆ ರಾತ್ರಿ ತಂದೆಗೆ ನಿದ್ದೆ ಬರಲಿಲ್ಲ. ಕೊಪ್ಪದ ಮನೆಯ ಜಗಲಿಯ ಕೋವಿಯನ್ನು ಇಳಿಸಿಕೊಂಡು ಅಣ್ಣತಮ್ಮಂದಿರು ಕಳ್ಳ-ಪೊಲೀಸ್ ಆಡಿದ್ದು ನೆನಪಾಗಿ ಊರಿಗೆ ಫೋನು ಮಾಡಿದರು.

“ಅಣ್ಣಯ್ಯ, ಆ ಕೋವಿಯಲ್ಲಿ ಈಡು ಇದೆಯಾ ಅಂತ ಯಾರಾದರೂ ನೋಡಿದ್ದಾರಾ?”

“ಎಲೆಕ್ಷನ್ ಬಂದಾಗಲೆಲ್ಲ ಸ್ಟೇಶನ್ನಿಗೆ ಕೊಟ್ಟು ತರ್ತೀವಲ್ಲೋ. ಅವರೇ ನೋಡಿರ್ತಾರೆ ಬಿಡು.”

“ಅವರು ನಂಬರು ನೋಡ್ತಾರೆ, ನಳಿಗೆ ನೋಡಲ್ಲ. ಗಜ ಬಿಟ್ಟು ಅಳತೆ ಹಿಡಿ. ಈಗಲೇ ಹಿಡಿ.”

ಕಾಲು ಗಂಟೆಯ ನಂತರ ಅಣ್ಣ ತಾನೇ ಫೋನು ಮಾಡಿದ. “ಖಾಲಿ ಇದೆ ಮಾರಾಯ. ಒಳಗೆ ಕಣಜ ಗೂಡು ಕಟ್ಟಿತ್ತು, ಅಷ್ಟೆ.”

ಕೊನೆಗೆ ಸಿಕ್ಕಿದ ಕೋವಿ ಇಟಲಿಯದು. ಅಲ್ಲಿನ ಗಾರ್ದೋನೆ ಎಂಬ ಊರಿನ ಕಣಿವೆಯಲ್ಲಿ ಶತಮಾನಗಳಿಂದ ಕೋವಿ ಮಾಡುವುದೇ ಕಸುಬು. ಅಮೆರಿಕದ ಹಳೆಯ ನಮೂನೆಗಳು ಇಂದು ಅಲ್ಲಿಂದಲೇ ತಯಾರಾಗಿ ಬರುತ್ತವೆ. ಎಡಮಗ್ಗುಲಿನ ಬಟ್ಟಲು, 28 ಇಂಚಿನ ನಳಿಗೆ, 0.50ರ ಬಾಯಿ, 48ಕ್ಕೊಂದು ಸುತ್ತು, ತೂಕ ಮೂರೂವರೆ ಕೆ.ಜಿ. ಸುಮಾರು. ಎರಡನೇ ಕೈಯ ವಸ್ತು. ಬಡಗಿ ನಳಿಗೆಯೊಳಗೆ ಸಣ್ಣ ದೀಪ ಇಳಿಬಿಟ್ಟು ಗೆರೆಗಳಲ್ಲಿ ತುಕ್ಕಿನ ಗುಳಿ ಇದೆಯೇ ಎಂದು ನೋಡಿದರು. ಕತ್ತಲೆಯ ಮೂಲೆಯಲ್ಲಿ ಕುದುರೆ ಬಿಟ್ಟು ಕಿಡಿ ಎಣಿಸಿದರು. ಕಿಡಿ ಧಾರಾಳವಾಗಿತ್ತು. ಹಿಡಿಯನ್ನು ಅರ್ಧ ಇಂಚು ಕೊಯ್ದು ಹುಡುಗಿಯ ಅಳತೆಗೆ ತಂದದ್ದೂ ಅವರೇ. ಕೊಯ್ದ ತುಂಡನ್ನು ಅವಳ ಕೈಗೇ ಕೊಟ್ಟು, ಬೆಳೆದ ಮೇಲೆ ಮತ್ತೆ ಅಂಟಿಸೋಣ, ಜೋಪಾನ ಎಂದರು.

ಮದ್ದು ಹುಡುಕುವುದು ಇನ್ನೊಂದು ಯಾತ್ರೆ. ಪೆಟ್ಲುಪ್ಪು, ಇದ್ದಿಲು, ಗಂಧಕದ ನಿಜವಾದ ಕರಿಮದ್ದನ್ನು ಸ್ಫೋಟಕವೆಂದು ಪರಿಗಣಿಸುವುದರಿಂದ ಇಡುವ ಅಂಗಡಿಗಳೇ ಕಡಿಮೆ. ಬದಲಿ ಮದ್ದುಗಳು ಎಲ್ಲೆಲ್ಲೂ ಇವೆ, ಆದರೆ ಅವು ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಕು. ಚಕಮಕಿಯ ಕಿಡಿ ಅದಕ್ಕೆ ಸಾಲದು. ಇನ್ನು ಹೊಸ ತೋಟಾಗಳಲ್ಲಿ ಬಳಸುವ ಹೊಗೆಯಿಲ್ಲದ ಮದ್ದನ್ನು ಇಂಥ ಕೋವಿಯ ಹತ್ತಿರಕ್ಕೂ ತರಬಾರದು. ಅದರ ಒತ್ತಡಕ್ಕೆ ನಳಿಗೆ ಸಿಡಿದು ಕೈ, ಕಣ್ಣು ಕಳೆದುಕೊಂಡವರಿದ್ದಾರೆ. ತಾಯಿ ಶೆಡ್ಡಿನ ಬೀಗದ ಮೇಲೆ ಇದನ್ನು ಕನ್ನಡದಲ್ಲೇ ಬರೆದು ಅಂಟಿಸಿದರು.

ಸೆಪ್ಟೆಂಬರಿನಿಂದ ಶನಿವಾರ ಶನಿವಾರ ಅಭ್ಯಾಸ. ಮೊದಲು ಗಜದಿಂದ ಅಳೆದು ಖಾಲಿಯೆಂದು ಖಚಿತ ಮಾಡಿಕೊಳ್ಳುವುದು. ಮದ್ದನ್ನು ಡಬ್ಬಿಯಿಂದ ನೇರ ಸುರಿಯದೆ ಅಳತೆಯ ಕೊಳವೆಗೆ ಹಾಕಿ ಸುರಿಯುವುದು. ನಳಿಗೆಯ ತಳದಲ್ಲಿ ಕೆಂಡ ಉಳಿದಿದ್ದರೆ ಹೊತ್ತುವುದು ಅಳತೆಯ ಮದ್ದು ಮಾತ್ರ, ಕೈಯಲ್ಲಿರುವ ಡಬ್ಬಿಯಲ್ಲ. ಅವಳ ಈಡಿಗೆ ಎಪ್ಪತ್ತು ಗ್ರೇನ್, ಅಂದರೆ ನಾಲ್ಕೂವರೆ ಗ್ರಾಂ ಮದ್ದು. ಎಣ್ಣೆ ಸವರಿದ ಬಟ್ಟೆಯ ಚೂರು, ಅದರ ಮೇಲೆ ಹನ್ನೊಂದೂವರೆ ಗ್ರಾಮಿನ ಸೀಸದ ಗುಂಡು, ಮದ್ದಿಗೆ ಗಟ್ಟಿಯಾಗಿ ತಾಗುವವರೆಗೆ ಗಿಡಿಯಬೇಕು. ನಡುವೆ ಜಾಗ ಉಳಿದರೆ ನಳಿಗೆಯೇ ಉಬ್ಬಿ ಒಡೆಯಬಹುದು. ಗಜದ ಮೇಲೆ ಎರಡು ಗೆರೆ ಕೊರೆದಿದ್ದಳು, ಒಂದು ಖಾಲಿಯದು, ಒಂದು ತುಂಬಿದ್ದು. ರಂಜಕ ಎಲ್ಲದರ ಕೊನೆಗೆ.

ಒಮ್ಮೆ ತುಂಬುತ್ತಿರುವಾಗ ತಂದೆ ಗಣಿತದ ಪರೀಕ್ಷೆಯ ವಿಷಯ ತೆಗೆದರು. ಮಾತಿನ ನಡುವೆ ಮದ್ದು ಹಾಕುವುದೇ ಮರೆತು ಗುಂಡು ಗಿಡಿದಾಯಿತು. ಅದನ್ನು ಹೊರತೆಗೆಯುವುದಕ್ಕೆ ಅರ್ಧ ದಿನ. ಅಂದಿನಿಂದ ಕೋವಿ ತುಂಬುವಾಗ ಯಾರೂ ಬಾಯಿ ತೆರೆಯಬಾರದೆಂದು ಮಗಳೇ ನಿಯಮ ಮಾಡಿದಳು.

ಗುರಿಯ ಕಷ್ಟ ಬೇರೆಯದು. ಟ್ರಿಗರ್ ಎಳೆದದ್ದಕ್ಕೂ ಗುಂಡು ಹೊರಟದ್ದಕ್ಕೂ ನಡುವೆ ಒಂದು ಕ್ಷಣದ ಬಿಡುವಿದೆ. ಬಟ್ಟಲಿನ ಬೆಂಕಿ ಕಂಡ ಕೂಡಲೇ ಮೈ ಬೆಚ್ಚುತ್ತದೆ, ಆ ಬೆಚ್ಚಿನಲ್ಲಿ ಮೂತಿ ಜಗ್ಗುತ್ತದೆ. ಬಡಗಿ ಅವಳಿಗೆ ತಿಳಿಯದಂತೆ ರಂಜಕವಿಲ್ಲದ ಕೋವಿ ಕೊಟ್ಟರು. ಕಲ್ಲು ‘ಟಕ್’ ಎಂದದ್ದಷ್ಟೇ. ಮೂತಿ ಒಂದು ಗೇಣು ಕೆಳಗೆ ಹೋದದ್ದು ಎಲ್ಲರಿಗೂ ಕಂಡಿತು. ಹೊಗೆ ಕರಗುವವರೆಗೂ ಗುರಿಯಿಂದ ಕಣ್ಣು ತೆಗೆಯಬಾರದೆಂಬುದು ರೂಢಿಯಾಗಲು ನವೆಂಬರ್ ಬಂತು. ಇಂಗ್ಲಿಷಿನ ‘ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್’, ‘ಫ್ಲ್ಯಾಶ್ ಇನ್ ದ ಪ್ಯಾನ್’ ಎಂಬ ಮಾತುಗಳು ಎಲ್ಲಿಂದ ಬಂದವೆಂದು ಶಾಲೆಯಲ್ಲಿ ಕೇಳಿದರೆ ಈಗ ಅವಳು ಅರ್ಧ ಗಂಟೆ ಹೇಳಬಲ್ಲಳು. ಮೊದಲನೆಯದು ಕೋವಿಯ ಮೂರು ಭಾಗ. ಎರಡನೆಯದು ಬಟ್ಟಲಿನಲ್ಲೇ ಉರಿದು ಮುಗಿದ ಬೆಂಕಿ.

ಡಿಸೆಂಬರಿನಲ್ಲಿ ಕಾಗದದ ತಟ್ಟೆ ಇಟ್ಟು ಪರೀಕ್ಷೆ. 50 ಗಜದಲ್ಲಿ ಐದು ಗುಂಡಿಗೆ ಐದೂ ತಟ್ಟೆಯೊಳಗೆ. 75 ಗಜದಲ್ಲಿ ಎರಡು ಹೊರಗೆ. ಕೋವಿಗೆ ಅಷ್ಟು ದೂರ ಹೊಡೆಯುವ ಶಕ್ತಿಯಿದೆ, ಅವಳಿಗೆ ಇನ್ನೂ ಬಂದಿಲ್ಲ. 50 ಗಜದ ಆಚೆಯ ಜಿಂಕೆಗೆ ಕುದುರೆ ಎಳೆಯುವುದಿಲ್ಲ ಎಂದು ಒಪ್ಪಂದವಾಯಿತು. ತಾಯಿ ಹಿತ್ತಲಲ್ಲಿ ಹೆಜ್ಜೆ ಹಾಕಿ 50 ಗಜ ಎಂದರೆ ಎಷ್ಟೆಂದು ಕಣ್ಣಳತೆಗೆ ತಂದುಕೊಂಡರು. ಗಾಯಗೊಂಡು ಓಡಿದ ಜಿಂಕೆಯ ವಿಷಯ ಆ ಮನೆಯಲ್ಲಿ ಅವರೊಬ್ಬರೇ ಬಾಯಿಬಿಟ್ಟು ಕೇಳಿದ್ದು.

2023ರ ಜನವರಿ ಮೊದಲ ವಾರ. ಹಿಮ ಬೀಳಬೇಕಾದ ಕಾಲದಲ್ಲಿ ತುಂತುರು ಮಳೆ, ಕಾಡೆಲ್ಲ ಮಂಜು, ಆಗುಂಬೆಯ ಬೆಳಗಿನಂತೆ. ಅವಳ ವಯಸ್ಸಿನವರ ಜೊತೆ 18 ದಾಟಿದವರೊಬ್ಬರು ಇರಲೇಬೇಕೆಂಬ ನಿಯಮವಿದೆ. ತಂದೆ ಒಂದು ಮಾರು ದೂರದಲ್ಲಿ ಮರಕ್ಕೊರಗಿ ಕೂತಿದ್ದರು. ಅರ್ಧ ಗಂಟೆಗೊಮ್ಮೆ ಅವಳು ಒದ್ದೆಯಾದ ರಂಜಕ ಒರೆಸಿ ಹೊಸದು ಹಾಕುತ್ತಿದ್ದಳು. ಒಂಬತ್ತು ಗಂಟೆಯ ಹೊತ್ತಿಗೆ ಹೆಣ್ಣು ಜಿಂಕೆಯೊಂದು ಓಕ್ ಮರಗಳ ನಡುವಿನಿಂದ ಬಂತು. ನಲವತ್ತು ಗಜ. ಮಗ್ಗುಲು ಪೂರ್ತಿ ತೋರಿಸಿ ನಿಂತಿತು.

ಟಕ್ ಎಂದಿತು ಕಲ್ಲು. ಬಟ್ಟಲಿನಲ್ಲಿ ಭುಸ್ ಎಂದು ಬೆಂಕಿ ಎದ್ದಿತು, ಬಿಳಿ ಹೊಗೆ. ಅಷ್ಟೆ. ಈಡು ಹಾರಲಿಲ್ಲ.

ಜಿಂಕೆ ತಲೆ ಎತ್ತಿ ನೋಡಿತು, ಓಡಲಿಲ್ಲ. ಕಿವಿ ನಿಮಿರಿಸಿ ನಿಂತೇ ಇತ್ತು. “ರಂಜಕ ಹಾಕು, ರಂಜಕ ಹಾಕು” ಎಂದು ತಂದೆ ಪಿಸುಗುಟ್ಟಿದರು. ಹುಡುಗಿ ಕೋವಿ ಇಳಿಸಲಿಲ್ಲ, ಬಟ್ಟಲಿಗೆ ಕೈ ಹಾಕಲೂ ಇಲ್ಲ. ಹಾರದ ಈಡು ಒಳಗೇ ಕಿಡಿ ಹಿಡಿದು ತಡವಾಗಿ ಹಾರುವುದುಂಟು. ಮೂತಿಯನ್ನು ಅದೇ ದಿಕ್ಕಿಗೆ ಹಿಡಿದು ಒಂದು ನಿಮಿಷ ಕಾಯಬೇಕೆಂದು ಪಾಠದಲ್ಲಿ ಹೇಳಿದ್ದರು. ಅವಳು ತುಟಿಯೊಳಗೆ ಎಣಿಸುತ್ತಿದ್ದಳು. ಕನ್ನಡದಲ್ಲಿ. ಮೂವತ್ತೆಂಟು, ಮೂವತ್ತೊಂಬತ್ತು. ನಲವತ್ತು ದಾಟಿದಾಗ ಜಿಂಕೆ ಬಿಳಿಯ ಬಾಲವನ್ನು ಬಾವುಟದಂತೆ ಎತ್ತಿ ಒಂದೇ ನೆಗೆತಕ್ಕೆ ಮಂಜಿನೊಳಗೆ ಹೋಯಿತು. ಅವಳು ಅರವತ್ತು ಮುಗಿಸಿಯೇ ಕೋವಿ ಇಳಿಸಿದ್ದು.

ಕಾರಿನಲ್ಲಿ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಡೆಯದೆ, “ನಲವತ್ತು ಗಜ ಕಣೇ, ಅಷ್ಟು ಹೊತ್ತು ನಿಂತಿತ್ತು” ಎಂದರು. “ಒಂದು ನಿಮಿಷ ಅಂತ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು, ನೀನಲ್ಲ ಅಪ್ಪ” ಎಂದಳು ಮಗಳು. ಅವಳ ದನಿಯೂ ನಡುಗುತ್ತಿತ್ತು. ಅಳು ಬರುವಂತಿತ್ತು, ಅಳಲಿಲ್ಲ.

ಸಂಜೆ ಬಡಗಿಯ ಮುಂದೆ ವಿಷಯ ಹೋಯಿತು. ಅವರು ಮುಚ್ಚುಮರೆ ಮಾಡಲಿಲ್ಲ. ತಾನಾಗಿದ್ದರೆ ತಕ್ಷಣ ರಂಜಕ ಹಾಕಿ ಹೊಡೆಯುತ್ತಿದ್ದೆ ಎಂದರು. ಐವತ್ತು ವರ್ಷದಿಂದ ಹಾಗೇ ಮಾಡುತ್ತ ಬಂದಿದ್ದೇನೆ, ಪಾಠದಲ್ಲಿ ಮಾತ್ರ ಒಂದು ನಿಮಿಷ ಎಂದು ಹೇಳುತ್ತೇನೆ ಎಂದು ನಕ್ಕರು. ಆ ಈಡನ್ನು ಅಭ್ಯಾಸದ ಜಾಗದ ಮಣ್ಣಿನ ದಿಬ್ಬಕ್ಕೆ ಹಾರಿಸಿ ಖಾಲಿ ಮಾಡಿದ್ದಾಗಿತ್ತು. ತೂತಿಗೆ ತಂತಿ ಹಾಕಿ ಹೊಸ ರಂಜಕ ಇಟ್ಟ ಮೇಲೆ ಚೆನ್ನಾಗಿಯೇ ಹಾರಿತ್ತು. ತಪ್ಪು ಎಲ್ಲಿ ಎಂದು ಹುಡುಕಿದರೆ ಹಿಂದಿನ ವಾರ ತೊಳೆದ ಮೇಲೆ ಅವಳು ಸವರಿದ ಎಣ್ಣೆ. ಧಾರಾಳವಾಗಿ ಸವರಿದ್ದಳು, ತುಂಬುವ ಮೊದಲು ಒರೆಸಿರಲಿಲ್ಲ. ಅದು ಜಾರಿ ತೂತಿನ ಬಾಯಿಗೆ ಬಂದು ಕೂತಿತ್ತು.

ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ಉಕ್ಕನ್ನು ತಿನ್ನತೊಡಗುತ್ತದೆ. ಎಷ್ಟೇ ದಣಿದಿದ್ದರೂ ಅಂದೇ ಬಿಸಿನೀರು, ಸೋಪು ಹಾಕಿ ತೊಳೆಯಬೇಕು. ಗಂಧಕದ ವಾಸನೆಗೆ ಮೂಗು ಮುಚ್ಚಿಕೊಂಡು ತಾಯಿ ಅದಕ್ಕೆಂದೇ ಒಂದು ಬಕೆಟ್ಟು ಬೇರೆ ಇಟ್ಟಿದ್ದರು. ಹುಡುಗಿ ತೊಳೆದು, ಒಣಗಿಸಿ, ಈ ಸಲ ಬಟ್ಟೆಯ ತುದಿಗೆ ಎರಡೇ ಹನಿ ಎಣ್ಣೆ ಹಾಕಿದಳು.

ಋತು ಮುಗಿಯಲು ಇನ್ನೂ ಹತ್ತು ದಿನಗಳಿದ್ದವು. ಅದರಲ್ಲಿ ಎರಡು ಶನಿವಾರ. ಒಂದರಲ್ಲಿ ಮಳೆ, ಇನ್ನೊಂದರಲ್ಲಿ ಜಿಂಕೆಯೇ ಬರಲಿಲ್ಲ. ಆ ವರ್ಷ ಅವರ ಮನೆಗೆ ಬಂದ ಮಾಂಸ ಬಡಗಿಯ ಮನೆಯದು. ತಂದೆ ಊರಿನಿಂದ ತರಿಸಿಟ್ಟಿದ್ದ ಕಾಳುಮೆಣಸು ಕುಟ್ಟಿ ಸಾರು ಮಾಡಿದರು, ಜೊತೆಗೆ ಅಕ್ಕಿ ಕಡುಬು. ಬಡಗಿ ಮೂರನೆಯ ಕಡುಬಿಗೆ ತಟ್ಟೆ ಮುಂದೆ ಚಾಚಿದಾಗ ಹುಡುಗಿ ಎಡಗೈಯಲ್ಲೇ ಬಡಿಸಿದಳು. ಯಾರೂ ಏನೂ ಅನ್ನಲಿಲ್ಲ.